ಹುಳ ಸಾಯದ ಸೀರೆ

ಬಂಗಾಲಿ ಟೋಲಾ, ಕಾಶಿ
೨೭ ಜನವರಿ ೨೦೨೫

ಚಿ. ಕುಮಾರಿ ಮಾಧವಿಗೆ ಸೋದರತ್ತೆ ಪದ್ಮಾಬಾಯಿಯ ಆಶೀರ್ವಾದಗಳು.

ನಿನ್ನ ತಂದೆ ರಾಯಚೂರು ಮುಟ್ಟಿದ ಮೇಲೆ ನನಗೆ ಬರೆದ ಪತ್ರದಲ್ಲಿ ಒಂದು ತಪ್ಪಿದೆ. ಅದನ್ನು ಮೊದಲು ತಿದ್ದುತ್ತೇನೆ. "ಸಂಕ್ರಾಂತಿಯ ದಿನ ಕೇದಾರ ಘಾಟಿನಲ್ಲಿ ಮಾಧವಿ ಮದುವೆಗೆ ಒಪ್ಪಿದಳು; ಒಂದು ಹೊಸ ತರಹದ ಸೀರೆ ಬೇಕೆಂದಳು, ಅಷ್ಟೆ" ಎಂದು ಅನಂತ ಬರೆದಿದ್ದಾನೆ. ಗಂಡಿನ ಕಡೆಯವರಾದ ಕಲಬುರಗಿಯ ಚಂದ್ರಮೌಳೇಶ್ವರರಾಯರಿಗೂ ಅವರ ಮಗ ಸಮೀರನಿಗೂ ಇದನ್ನೇ ತಿಳಿಸಿರುವನಂತೆ. ನಾನು ಅದೇ ಮೆಟ್ಟಿಲ ಮೇಲೆ ಕುಳಿತಿದ್ದೆ. ನಡೆದದ್ದು ಹಾಗಲ್ಲ.

ನೀನು ಮೊದಲು ಆಡಿದ ಮಾತು, "ಅಪ್ಪಾ, ನನಗ ಈಗ ಮದುವಿ ಬ್ಯಾಡ" ಎಂಬುದು. ಅನಂತ, "ಯಾಕ ಬ್ಯಾಡ? ಒಂದು ಕಾರಣ ಹೇಳು ನೋಡೋಣು" ಎಂದ. ನೀನು ನೀರನ್ನೇ ನೋಡುತ್ತ, "ಒಂದು ಧಾರಿ ಸೀರಿಗೆ ಸಾವಿರಗಟ್ಟಲೆ ರೇಷ್ಮಿ ಹುಳ ಕುದಿಸಿ ಕೊಲ್ತಾರ. ಅಂಥಾ ಸೀರಿ ಉಟ್ಟು ನಾ ಧಾರಿಗೆ ನಿಲ್ಲಾಂಗಿಲ್ಲ" ಎಂದೆ. ಘಾಟಿನ ಜನ ತಿರುಗಿ ನೋಡುವಂತೆ ಅವನು ನಕ್ಕ. "ಏ ಹುಚ್ಚಿ, ಹುಳದ ಸಲುವಾಗಿ ಮದುವಿ ಬಿಟ್ಟಾಕಿ ನೀನೊಬ್ಬಾಕಿನ ನೋಡು!" ಆಮೇಲೆ ಬೊಗಸೆಯಲ್ಲಿ ಗಂಗೆಯನ್ನು ತುಂಬಿಕೊಂಡು, "ಒಂದು ಜೀವಾನೂ ಸಾಯಲಾರದ ಸೀರಿ ಸಿಕ್ಕರ ಈ ವೈಶಾಖದಾಗ ಮದುವಿ. ಸಿಗಲಿಲ್ಲಂದ್ರ ಆ ನಿನ್ನ ನೀರಿನ ನೌಕರಿಗೆ ಹೋಗು, ನಾ ಅಡ್ಡ ಬರಾಂಗಿಲ್ಲ. ಗಂಗಾ ಸಾಕ್ಷಿ, ಅಕ್ಕ ಸಾಕ್ಷಿ" ಎಂದು ನೀರು ಬಿಟ್ಟ. ಇಷ್ಟು ನಡೆದದ್ದು. ಇದಕ್ಕೆ "ಒಪ್ಪಿದಳು" ಎಂಬ ಕ್ರಿಯಾಪದ ಸಲ್ಲುವುದಿಲ್ಲ.

ನನ್ನನ್ನು ಸಾಕ್ಷಿಯೆಂದು ಹೆಸರಿಸಿದ ಮೇಲೆ ಹುಡುಕುವ ಹೊಣೆಯೂ ನನ್ನದೇ. "ಈಗ ಬೇಡ" ಎನ್ನುವುದು ಎಲ್ಲ ಹುಡುಗಿಯರೂ ಆಡುವ ಮಾತು. ಅದಕ್ಕೆ ನಾನು ಬೆಲೆ ಕೊಡುವುದಿಲ್ಲ. ಆದರೆ ನೀನು ಕಾರಣ ಕೊಟ್ಟೆ. ಕಾರಣ ಕೊಟ್ಟು ಮಾತನಾಡಿದ ಯಾವ ವಿದ್ಯಾರ್ಥಿನಿಯನ್ನೂ ನಾನು ತಿರಸ್ಕರಿಸಿ ಕಳುಹಿಸಿದವಳಲ್ಲ. ನಮ್ಮ ಮನೆತನದ ಧಾರೆ ಸೀರೆಗೆ ಬಿಳಿಯ ಮೈ, ಕೆಂಪು ಅಂಚು. ಅದು ರೇಷ್ಮೆಯದೇ ಆಗಬೇಕು. ಇವೆರಡನ್ನೂ ಉಳಿಸಿಕೊಂಡು ನಿನಗೆ ಏನೇನು ಬೇಕು, ಏನೇನು ಬೇಡ ಎಂಬುದನ್ನು ಸ್ಪಷ್ಟವಾಗಿ ಬರೆದು ಕಳುಹಿಸು. ನೇಯುವವರು ಇರುವ ಊರಿನಲ್ಲಿದ್ದೇನೆ. ಸಿಗದೆ ಎಲ್ಲಿ ಹೋದೀತು?

ಪಕ್ಕದ ಕೋಣೆಯ ಕೃಷ್ಣಮ್ಮ, ನಂಜನಗೂಡು ಕಡೆಯಿಂದ ಕಾಶೀವಾಸಕ್ಕೆ ಬಂದವರು, ನೀನು ಹೋದಂದಿನಿಂದ "ಆ ಮಗು ಊಟಾನೇ ಮಾಡ್ನಿಲ್ಲ" ಎಂದು ಹೇಳುತ್ತಲೇ ಇದ್ದಾರೆ. ಊಟ ಸರಿಯಾಗಿ ಮಾಡು.

ನಿನ್ನ ಹಿತ ಬಯಸುವ,
ಪದ್ಮಾಬಾಯಿ

*

ರಾಯಚೂರು
೧೨ ಫೆಬ್ರವರಿ ೨೦೨೫

ಮಾತೃಸಮಾನರಾದ ಅತ್ಯಾ ಅವರಿಗೆ ಮಾಧವಿಯ ನಮಸ್ಕಾರಗಳು.

ನಿಮ್ಮ ಪತ್ರವನ್ನು ಅಪ್ಪ ಗಟ್ಟಿಯಾಗಿ ಓದಿದರು. "ಅಕ್ಕನ ಕೆಂಪು ಶಾಯಿ ಇನ್ನೂ ಆರಿಲ್ಲ" ಎಂದು ಊಟದ ಮನೆಯವರೆಗೂ ಕೇಳುವಂತೆ ನಕ್ಕರು. ನಿಮ್ಮ ಕನ್ನಡವೆಂದರೆ ಅವರಿಗೆ ಬಹಳ ಪ್ರೀತಿ. ಆದ್ದರಿಂದ ನಿಮ್ಮ ಪತ್ರಗಳನ್ನು ಮೊದಲು ಅವರೇ ಓದುತ್ತಾರೆ. ನನ್ನವನ್ನೂ ಓದಿ, ತಾವೇ ಅಂಚೆಗೆ ಹಾಕುತ್ತಾರೆ. ನನ್ನ ಮೊಬೈಲ್ ಅಪ್ಪನ ಕಪಾಟಿನಲ್ಲಿದೆ. ಮದುವೆ ಗೊತ್ತಾಗುತ್ತಿರುವ ಹುಡುಗಿಗೆ ಅದು ಬೇಡವಂತೆ. ನನಗೂ ಈಗ ಪತ್ರ ಬರೆಯುವುದೇ ಹೆಚ್ಚು ರೂಢಿಯಾಗಿದೆ.

ಸೀರೆಯ ವಿಷಯ. ಗೂಡಿನೊಳಗಿನ ಹುಳವನ್ನು ಕುದಿಸಿರಬಾರದು. ಅದು ಚಿಟ್ಟೆಯಾಗಿ ಗೂಡನ್ನು ತೂರಿಕೊಂಡು ಹಾರಿಹೋದ ಮೇಲೆ ಉಳಿದ ಗೂಡಿನಿಂದಲೇ ನೂಲು ತೆಗೆದಿರಬೇಕು. ಇಂಥ ನೂಲು ಬಹಳ ಕಡಿಮೆ ಸಿಗುತ್ತದೆ ಎಂದು ಓದಿದ್ದೇನೆ. ಅಂಚಿಗೆ ಜರಿ ಬೇಡ. ಈಗಿನ ಜರಿಯಲ್ಲಿ ಬಹುಪಾಲು ಪ್ಲಾಸ್ಟಿಕ್ಕೇ. ವಿದ್ಯುತ್ ಮಗ್ಗ ಬೇಡ. ಬಣ್ಣದ ನೀರು ನದಿಗೆ ಸೇರಬಾರದು. ಒಟ್ಟಿನಲ್ಲಿ ಪರಿಸರಸ್ನೇಹಿಯಾದ ಸೀರೆ. ಇದು ಸಿಗುವುದು ಬಹಳ ಕಷ್ಟ, ನನಗೆ ಗೊತ್ತು. ಈ ವರ್ಷ ಸಿಗದಿರಬಹುದು. ಸಿಗದಿದ್ದರೆ ನನಗೆ ಬೇಸರವಿಲ್ಲ.

ಕುಡಿಯುವ ನೀರಿನ ಪರೀಕ್ಷಾಲಯದಿಂದ ನೇಮಕದ ಆದೇಶ ಬಂದಿದೆ. ಜೂನ್ ಎರಡರಂದು ಸೇರಬೇಕು. ಹಳ್ಳಿಹಳ್ಳಿಯ ಬೋರ್‌ವೆಲ್ಲುಗಳ ನೀರು ತರಿಸಿ ಅದರಲ್ಲಿ ಫ್ಲೋರೈಡ್ ಎಷ್ಟಿದೆ, ಆರ್ಸೆನಿಕ್ ಎಷ್ಟಿದೆ ಎಂದು ನೋಡುವ ಕೆಲಸ. ಆದೇಶವನ್ನು ದೇವರ ಮುಂದೆ ಇಟ್ಟಿದ್ದೇನೆ. ಕಲಬುರಗಿಯವರು, "ನಮ್ಮ ಮನ್ಯಾಗ ಹೆಣ್ಣುಮಕ್ಕಳು ನೌಕರಿ ಮಾಡೂದಿಲ್ಲ" ಎಂದಿದ್ದಾರೆ. ವೈಶಾಖ ದಾಟಿದರೆ ಆ ಪ್ರಶ್ನೆ ಏಳುವುದಿಲ್ಲ.

ಹುಡುಕಲು ಅವಸರ ಮಾಡಬೇಡಿ, ಅತ್ಯಾ. ಕುಂಭಮೇಳದ ಜನ ಕಾಶಿಯ ಗಲ್ಲಿಗಳಲ್ಲೂ ತುಂಬಿದ್ದಾರೆಂದು ಕೇಳಿದೆ. ಮನೆಯಲ್ಲೇ ಇರಿ.

ನಿಮ್ಮ,
ಮಾಧವಿ

*

ಬಂಗಾಲಿ ಟೋಲಾ, ಕಾಶಿ
೧೦ ಮಾರ್ಚ್ ೨೦೨೫

ಚಿ. ಕುಮಾರಿ ಮಾಧವಿಗೆ ಆಶೀರ್ವಾದಗಳು.

ನಿನ್ನ ಪತ್ರ ಕ್ರಮಬದ್ಧವಾಗಿದೆ, ಸಂತೋಷ. ಒಂದು ತಿದ್ದುಪಡಿ ಮಾತ್ರ. "ಪರಿಸರಸ್ನೇಹಿ" ಎಂದು ಬರೆದಿರುವೆ. ಸೀರೆ ಯಾರ ಸ್ನೇಹವನ್ನೂ ಮಾಡುವುದಿಲ್ಲ. "ಪ್ರಾಣಹಾನಿಯಿಲ್ಲದ" ಎಂದು ಬರೆ. ಆಗ ನಮಗೆ ಬೇಕಾದದ್ದೇನೆಂಬುದು ನಮಗೂ ಗೊತ್ತಿರುತ್ತದೆ.

ಶಿವರಾತ್ರಿ ಮುಗಿಯುವವರೆಗೆ ಗಲ್ಲಿಯಲ್ಲಿ ಕಾಲಿಡುವಂತಿರಲಿಲ್ಲ. ನಮ್ಮ ಲಾಡ್ಜಿನ ಬಾಗಿಲಲ್ಲೇ ಜನ ಮಲಗುತ್ತಿದ್ದರು. ಜನ ಕರಗಿದ ಮೇಲೆ ಹೊರಟೆ. ಚೌಕಿನ ಹತ್ತಿರದ ಗದ್ದಿಗಳಲ್ಲಿ, ಎಂದರೆ ಸೀರೆಯ ಸಗಟು ಅಂಗಡಿಗಳಲ್ಲಿ, ವ್ಯಾಪಾರಿಗಳು ಬಿಳಿ ಹಾಸಿಗೆಯ ಮೇಲೆ ಕೂರಿಸಿ, ಚಹಾ ಕೊಟ್ಟು, ಸೀರೆಯ ಮೇಲೆ ಸೀರೆ ಬಿಚ್ಚಿ ಎಸೆಯುತ್ತಾರೆ. ಒಬ್ಬನನ್ನು, "ಇದಕ್ಕಾಗಿ ಹುಳ ಸತ್ತಿದೆಯೇ?" ಎಂದು ಹಿಂದಿಯಲ್ಲಿ ಕೇಳಿದೆ. ಎದೆ ಮುಟ್ಟಿಕೊಂಡು, "ಅರೆ ಮಾತಾಜಿ, ಒಂದೂ ಸತ್ತಿಲ್ಲ! ಇದು ಸೂರತ್ತಿನ ಮಾಲು. ಇದರಲ್ಲಿ ಹುಳವೇ ಇಲ್ಲ, ರೇಷ್ಮೆಯೂ ಇಲ್ಲ!" ಎಂದ. ಅವನ ಪ್ರಾಮಾಣಿಕತೆಗೆ ಮೆಚ್ಚಿ ಚಹಾ ಮುಗಿಸಿ ಎದ್ದುಬಂದೆ.

ನಮಗೆ ಪೌರೋಹಿತ್ಯ ಮಾಡುವ ವಿಶ್ವನಾಥ ಭಟ್ಟರು ಸಾರನಾಥದ ಕಡೆಯ ಇಕ್ರಾಮ್ ಎಂಬ ನೇಕಾರನ ಗುರುತು ಹೇಳಿದರು. ಕೃಷ್ಣಮ್ಮನನ್ನು ಜೊತೆಗೆ ಕರೆದುಕೊಂಡು ಆಟೋದಲ್ಲಿ ಹೋದೆ. ಮನೆಯ ನೆಲದಲ್ಲಿ ಗುಂಡಿ ತೋಡಿ ಇಳಿಸಿದ ಕೈಮಗ್ಗ. ಲಾಳಿಗೆ ಹಾಕುವ ಒಂದು ಕಂಡಿಕೆ ನೂಲನ್ನು ಅವನು ನನ್ನ ಕೈಯಲ್ಲಿಟ್ಟ. ಸ್ವಲ್ಪ ಒರಟು, ಹಾಲಿನ ಕೆನೆಯ ಬಣ್ಣ, ಹೊಳಪಿಲ್ಲ. "ಈ ನೂಲಿನ ಹುಳ ಬದುಕಿತೇ?" ಎಂದೆ. "ಬದುಕಿತು ಮಾತಾಜಿ. ತಿತ್ಲಿ ಉಡ್ ಗಯೀ, ಆಮೇಲೆ ಗೂಡು ನೂತದ್ದು" ಎಂದು ಕೈಯನ್ನು ರೆಕ್ಕೆಯಂತೆ ಆಡಿಸಿ ತೋರಿಸಿದ. ಜರಿಯಿಲ್ಲದೆ ನೇಯುತ್ತೀಯಾ ಎಂದರೆ, "ಜರಿಯಿಲ್ಲದ ಮದುಮಗಳೇ? ಯಾರ ಮದುವೆ, ಗಾಂಧೀಜಿಯವರದೇ?" ಎಂದು ನಕ್ಕು ಒಪ್ಪಿಕೊಂಡ. ಹೀಗೆ ನಿನ್ನ ಮುಖ್ಯವಾದ ಷರತ್ತು ಈಡೇರಿತು.

ಹಿಂದಿರುಗುವಾಗ ಆಟೋದಲ್ಲಿ ಕೃಷ್ಣಮ್ಮ, "ಮೇಡಮ್ಮೋರೆ, ಹುಳಾನ ಉಳ್ಸೋಕ್ ಇಷ್ಟು ಓಡಾಡ್ತೀರಲ್ಲ, ಆ ಹೆಣ್ಮಗ ಏನ್ ಕೇಳ್ತಾ ಅವ್ಳೆ ಅಂತ ಒಂದ್ಸಲ ಕೇಳುದ್ರಾ?" ಎಂದರು. ಕೇಳಿದ್ದೇನೆ, ಅವಳು ಉತ್ತರವನ್ನೂ ಬರೆದಿದ್ದಾಳೆ ಎಂದೆ. "ಸರಿ ಬುಡಿ, ನೀವು ಓದಿರೋರು" ಎಂದು ನಕ್ಕರು. ಅವರ ನಗೆಗೆಲ್ಲ ಅರ್ಥ ಹುಡುಕುತ್ತ ಕೂರಲು ನನಗೆ ಬಿಡುವಿಲ್ಲ.

ನೌಕರಿಯ ಸುದ್ದಿ ತಿಳಿಯಿತು. ಒಳ್ಳೆಯ ಕೆಲಸವೇ. ಆದರೆ ಕೊಟ್ಟ ಮಾತು ಮೊದಲು. ನೂಲು ಸಿಕ್ಕಿದ್ದನ್ನು ಅನಂತನಿಗೆ ಭಟ್ಟರ ಫೋನಿನಿಂದ ತಿಳಿಸಿದ್ದೇನೆ.

ಪದ್ಮಾಬಾಯಿ

*

ರಾಯಚೂರು
೨೪ ಮಾರ್ಚ್ ೨೦೨೫

ಪೂಜ್ಯ ಅತ್ಯಾ ಅವರಿಗೆ ನಮಸ್ಕಾರಗಳು.

ನೂಲು ಸಿಕ್ಕಿದ ಸುದ್ದಿಗೆ ಅಪ್ಪ ಪೇಢೆ ತಂದು ಹಂಚಿದರು. ನನ್ನ ಬಾಯಿಗೂ ಹಾಕಿದರು.

ನಾನು ಕೆಲವು ವಿಷಯ ಬರೆಯುವುದನ್ನು ಮರೆತಿದ್ದೆ. ಅಂಚಿನ ಕೆಂಪಿಗೆ ಅರಗಿನ ಬಣ್ಣ ಬಳಸಬಾರದು. ಅದಕ್ಕೂ ಕೀಟಗಳನ್ನು ಅರೆಯುತ್ತಾರೆ. ಮಂಜಿಷ್ಠದ ಬೇರಿನದೇ ಆಗಬೇಕು. ಆ ಬೇರನ್ನು ಕಾಡಿನಿಂದ ಕಿತ್ತಿರಬಾರದು, ಬೆಳೆದದ್ದಾಗಿರಬೇಕು. ಬಣ್ಣ ಕುದಿಸಲು ಹಸಿ ಮರ ಕಡಿಯಬಾರದು. ಬಿಳುಪಿಗೆ ಔಷಧ ಹಾಕಬಾರದು. ಸಾರನಾಥದ ನೀರು ವರುಣೆಗೆ ಸೇರಿ ಗಂಗೆಗೆ ಹೋಗುತ್ತದೆ. ಬಣ್ಣದ ನೀರನ್ನು ಎಲ್ಲಿ ಚೆಲ್ಲುತ್ತಾರೆ ಎಂಬುದನ್ನು ನೀವೇ ಕಣ್ಣಾರೆ ನೋಡಬೇಕು. ಇಷ್ಟೆಲ್ಲ ಯಾರೂ ಮಾಡಲಾರರು ಎಂದು ನನಗೆ ಅನ್ನಿಸುತ್ತದೆ.

ಮೊನ್ನೆ ಕಲಬುರಗಿಯವರು ಬಂದಿದ್ದರು. ಸಮೀರ ಅವರು ನನ್ನ ನೇಮಕದ ಆದೇಶವನ್ನು ಓದಿ, "ಚೊಲೊ ಅದ, ಫ್ರೇಮ್ ಹಾಕಿಸಿ ನಮ್ಮ ಮನ್ಯಾಗ ಇಡೋಣು" ಎಂದರು. ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು. ಆಮೇಲೆ ಅಡುಗೆಮನೆಯಲ್ಲಿ ಬಹಳ ಹೊತ್ತು ಪಾತ್ರೆ ತೊಳೆಯುತ್ತ ನಿಂತಿದ್ದಳು.

ಅತ್ಯಾ, ನಾನು ಚಿಕ್ಕವಳಿದ್ದಾಗ ರಜೆಗೆ ಬಂದರೆ ನೀವು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಕ್ಕಳ ಪ್ರಬಂಧ ತಿದ್ದುತ್ತಿದ್ದಿರಿ. ಕೆಲವು ಪ್ರಬಂಧಗಳನ್ನು ಎರಡು ಸಲ ಓದುತ್ತಿದ್ದಿರಿ. ಈ ಪತ್ರವನ್ನೂ ಹಾಗೆ ಓದಬೇಕೆಂದು ಬೇಡಿಕೊಳ್ಳುತ್ತೇನೆ. ನಿಮ್ಮ ಮಂಡಿನೋವಿನಲ್ಲಿ, ಈ ಬಿಸಿಲಿನಲ್ಲಿ ನನಗಾಗಿ ಅಲೆಯಬೇಡಿ. "ಸಿಗಲಿಲ್ಲ" ಎಂದು ಒಂದು ಸಾಲು ಅಪ್ಪನಿಗೆ ಬರೆದುಬಿಡಿ. ನೀವು ಬರೆದರೆ ಅಪ್ಪ ನಂಬುತ್ತಾರೆ. ನೀವೊಬ್ಬರು ಬರೆದರೆ ಮಾತ್ರ ನಂಬುತ್ತಾರೆ. ಅಷ್ಟು ಸಾಕು.

ನಿಮ್ಮ,
ಮಾಧವಿ

*

ಬಂಗಾಲಿ ಟೋಲಾ, ಕಾಶಿ
೯ ಏಪ್ರಿಲ್ ೨೦೨೫

ಚಿ. ಕುಮಾರಿ ಮಾಧವಿಗೆ ಆಶೀರ್ವಾದಗಳು.

ನೀನು ಹೇಳಿದಂತೆ ಪತ್ರವನ್ನು ಎರಡು ಸಲ ಓದಿದೆ, ಎರಡನೆಯ ಸಲ ಕೃಷ್ಣಮ್ಮನಿಗೂ ಕೇಳುವಂತೆ ಗಟ್ಟಿಯಾಗಿ. ನನ್ನ ಮಂಡಿಗಳ ಬಗೆಗೆ ನಿನಗಿರುವ ಕಾಳಜಿ ಮನಸ್ಸಿಗೆ ತಟ್ಟಿತು. ಆದರೆ ಸಿಗುವುದನ್ನು ಸಿಗಲಿಲ್ಲವೆಂದು ಬರೆಯುವ ಅಭ್ಯಾಸ ನನಗಿಲ್ಲ. ಈ ವಯಸ್ಸಿನಲ್ಲಿ ಕಲಿಯಲಾರೆ. ನೋವಿಗೆ ಎಣ್ಣೆಯಿದೆ. ನೀನು ಹಾಕಿದ ಷರತ್ತುಗಳಲ್ಲಿ ಒಂದೂ ಬಿಟ್ಟುಹೋಗಿಲ್ಲವೆಂದು ತಿಳಿದರೆ ನಿನ್ನ ಮುಖ ಅರಳುವುದನ್ನು ಇಲ್ಲಿಂದಲೇ ಕಾಣುತ್ತಿದ್ದೇನೆ.

ಮಂಜಿಷ್ಠ ತೋಟದ್ದೇ ಸಿಕ್ಕಿತು. ಸಾರನಾಥದ ಬೌದ್ಧಮಠವೊಂದರ ಹಿಂದೆ ಔಷಧಿಯ ಗಿಡ ಬೆಳೆಸುತ್ತಾರೆ. ಅಲ್ಲಿಯ ಹಿರಿಯರಿಗೆ ಸೀರೆಯ ಉದ್ದೇಶ ವಿವರಿಸಿದೆ. ಹುಳಗಳಿಗಾಗಿ ಇಷ್ಟು ದೂರ ಯೋಚಿಸುವ ಹುಡುಗಿಯನ್ನು ನೋಡಬೇಕೆಂದರು. ಬಣ್ಣವನ್ನು ಬೆರಣಿಯ ಉರಿಯಲ್ಲಿ ಕುದಿಸಿದರು. ಉಳಿದ ನೀರನ್ನು ಇಕ್ರಾಮನ ಬೇವಿನ ಮರದ ಬುಡಕ್ಕೆ ಸುರಿಯುವವರೆಗೆ ನಾನು ಕುರ್ಚಿ ಹಾಕಿಸಿಕೊಂಡು ಕುಳಿತಿದ್ದೆ. ಅವನ ಹೆಂಡತಿ, "ಇವರೇನು, ಸರ್ಕಾರದವರೇ?" ಎಂದು ಪಿಸುಗುಟ್ಟಿದಳು. "ಸರ್ಕಾರವಾಗಿದ್ದರೆ ಸಮೋಸ ತಿಂದು ಹೋಗುತ್ತಿತ್ತು, ಇವರು ಮಾಸ್ಟರನಿ" ಎಂದ ಅವನು.

ಅರ್ಧ ನೇಯ್ದಾಗಿದೆ. ಬಿಳಿ ಮೈ, ಅಂಚು ಹೊಸ ಇಟ್ಟಿಗೆಯ ಕೆಂಪು. ಕೃಷ್ಣಮ್ಮ ಅದನ್ನು ಮುಟ್ಟಲಿಲ್ಲ. ಕಾರಣ ಕೇಳಿದರೆ, "ನಂಗ್ಯಾಕೋ ಬ್ಯಾಡ" ಎಂದರು.

ಅನಂತನಿಗೆ ಎಲ್ಲವನ್ನೂ ತಿಳಿಸಿದ್ದೇನೆ. ಅಕ್ಷಯ ತೃತೀಯೆಯ ದಿನ ಅವನು, ನಿನ್ನ ತಾಯಿ ಕಾತ್ಯಾಯನಿ, ಚಂದ್ರಮೌಳೇಶ್ವರರಾಯರು, ಸಮೀರ ಎಲ್ಲರೂ ಇಲ್ಲಿಗೆ ಬಂದು, ಸೀರೆಗೆ ಪೂಜೆ ಮಾಡಿಸಿಕೊಂಡು, ಲಗ್ನ ನಿಶ್ಚಯಿಸುತ್ತಾರೆ. ಸಂತೋಷದಿಂದಿರು.

ಪದ್ಮಾಬಾಯಿ

*

ಬಂಗಾಲಿ ಟೋಲಾ, ಕಾಶಿ
೨೩ ಏಪ್ರಿಲ್ ೨೦೨೫

ಮಾಧವೀ,

ಈ ಪತ್ರವನ್ನು ಅನಂತ ಮೊದಲು ಓದುತ್ತಾನೆಂಬುದು ನನಗೆ ಗೊತ್ತು. ಅನಂತ, ಓದು, ಓದಿ ಮಗಳ ಕೈಗೆ ಕೊಡು. ಪತ್ರ ಯಾರ ಹೆಸರಿಗಿದೆಯೋ ಅವರಿಗೆ ಸೇರಬೇಕು.

ಸೀರೆಯನ್ನು ತರಲು ಇಂದು ಸಾರನಾಥಕ್ಕೆ ಹೋಗಿದ್ದೆ. ಇಕ್ರಾಮ್ ಅದನ್ನು ಎರಡೂ ಕೈಯಿಂದ ಜಗ್ಗಿ ತೋರಿಸಿ, "ಮೊಮ್ಮಕ್ಕಳ ಕಾಲಕ್ಕೂ ಹರಿಯುವುದಿಲ್ಲ ಮಾತಾಜಿ. ತಾನಾಕ್ಕೆ ಪಕ್ಕಾ ಕತಾನ್ ಹಾಕಿದ್ದೇನೆ" ಎಂದ. ತಾನಾ ಎಂದರೆ ಹಾಸು,  ಮಗ್ಗದ ಮೇಲೆ ಉದ್ದಕ್ಕೆ ಬಿಗಿಯುವ ಎಳೆ. ಕತಾನ್ ಎಂದರೆ ಗೂಡು ಕುದಿಸಿ ತೆಗೆದ ಸಾಮಾನ್ಯ ರೇಷ್ಮೆ. ಚಿಟ್ಟೆ ಹಾರಿಹೋದ ಗೂಡಿನ ನೂಲು ತುಂಡು ತುಂಡಾಗಿರುತ್ತದೆ. ಮಗ್ಗದ ಬಿಗಿತಕ್ಕೆ ತಡೆಯುವುದಿಲ್ಲವಂತೆ. ಆದ್ದರಿಂದ ಅದನ್ನು ಅಡ್ಡ ಎಳೆಗೆ, ಹೊಕ್ಕಿಗೆ, ಮಾತ್ರ ಹಾಕುವುದು ಇಲ್ಲಿಯ ರೂಢಿ. "ಹೇಳಲಿಲ್ಲವೇಕೆ?" ಎಂದೆ. "ನೀವು ಕೈಯಲ್ಲಿದ್ದ ನೂಲನ್ನು ಕೇಳಿದಿರಿ, ಅದರದು ಹೇಳಿದೆ. ಎಲ್ಲರೂ ಹೀಗೇ ಮಾಡುವುದು" ಎಂದ. ಅವನು ಸುಳ್ಳಾಡಿರಲಿಲ್ಲ. ಬಟ್ಟೆಯೆಂದರೆ ಒಂದೇ ನೂಲೆಂದು ತಿಳಿದು ಕೇಳಿದವಳು ನಾನು.

ನಾಚಿಕೆಯಿಂದ ಲಾಡ್ಜಿಗೆ ಬಂದು ಕೃಷ್ಣಮ್ಮನಿಗೆ ಹೇಳಿದೆ: ಸೀರೆ ಕೆಟ್ಟಿತು, ಅರ್ಧದಷ್ಟು ಹುಳ ಸತ್ತೇ ಇವೆ. ಅವರು ಎದ್ದು ನಿಂತು ಗಂಗೆಯ ಕಡೆಗೆ ಕೈ ಮುಗಿದರು. "ಮುಕ್ಕಣ್ಣ, ದೊಡ್ಡೋನು ಕಣಪ್ಪ ನೀನು! ಹುಡ್ಗಿ ಉಳ್ಕೊಂಡ್ಳು!" ಏನೆಂದು ಕೇಳಿದೆ. "ಅವ್ಳ್‌ಗೆ ಸೀರೆ ಬ್ಯಾಡ ಕಣ್ರೀ ಮೇಡಮ್ಮೋರೆ. ಮದ್ವೆ ಬ್ಯಾಡ. ಸಿಕ್ನಿಲ್ಲ ಅಂತ ಬರೀರಿ ಅಂತ ಕಾಲಿಗ್ ಬಿದ್ದವ್ಳೆ, ನೀವು ಮಂಡಿಗೆ ಎಣ್ಣೆ ಹಚ್ಕಂಡ್ ಕೂತಿದ್ದೀರಿ!" ಎಂದರು.

ನಿನ್ನ ಪತ್ರಗಳನ್ನು ತೆಗೆದು ಮತ್ತೆ ಓದಿದೆ. ಅವುಗಳ ವಿಷಯವಾಗಿ ಇಲ್ಲಿ ಏನನ್ನೂ ಬರೆಯುವುದಿಲ್ಲ.

ಈಗ ನಾನು ಸುಳ್ಳು ಬರೆಯಬೇಕಾಗಿಲ್ಲ. ಸೀರೆ ಸಿಗಲಿಲ್ಲ, ಇದು ಸತ್ಯ. ಗಂಗೆಯ ಮುಂದೆ ಕೊಟ್ಟ ಮಾತಿನ ಪ್ರಕಾರ ಈ ವೈಶಾಖದಲ್ಲಿ ಮದುವೆಯಿಲ್ಲ. ಅಕ್ಷಯ ತೃತೀಯೆಯ ದಿನ ಎಲ್ಲರೆದುರು ಹೇಳುತ್ತೇನೆ. ಹೇಳುವುದು ಸಾಕ್ಷಿಯ ಕೆಲಸ. ಜೂನ್ ಎರಡರಂದು ಉಟ್ಟುಕೊಂಡು ಹೋಗಲು ಒಂದು ಹತ್ತಿಯ ಸೀರೆ ತೆಗೆದಿಟ್ಟುಕೋ.

ನಿನ್ನ ಅತ್ಯಾ

*

ಕಲಬುರಗಿ
೮ ಜೂನ್ ೨೦೨೫

ಪೂಜ್ಯ ಅತ್ಯಾ ಅವರಿಗೆ ನಮಸ್ಕಾರಗಳು.

ನಾನು ಕ್ಷೇಮ. ಮೇ ಹದಿನೆಂಟರ ಭಾನುವಾರ ಮದುವೆಯಾಯಿತು. ನೀವು ಬರುವ ಸ್ಥಿತಿಯಲ್ಲಿಲ್ಲ ಎಂದು ಅಪ್ಪ ಹೇಳಿದರು. ಈಗ ಹೇಗಿದ್ದೀರಿ?

ಸೀರೆ ಚೆನ್ನಾಗಿತ್ತು. ಎಲ್ಲರೂ ಮೆಚ್ಚಿದರು. ಇವರ ಮನೆಯವರು ಲಗ್ನಪತ್ರಿಕೆಯಲ್ಲಿ "ಪರಿಸರಸ್ನೇಹಿ ವಿವಾಹ" ಎಂದು ಹಸಿರು ಅಕ್ಷರದಲ್ಲಿ ಅಚ್ಚು ಹಾಕಿಸಿದ್ದರು. ಮಂಟಪದ ಪಕ್ಕದಲ್ಲಿ ಸೀರೆಯ ಕಥೆ ಬರೆದ ಫ್ಲೆಕ್ಸ್ ಇತ್ತು; ಅದರಲ್ಲಿ ನಿಮ್ಮ ಹೆಸರೂ ಇತ್ತು. ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಊಟಕ್ಕೆ ಪ್ರತಿ ಎಲೆಯ ಮುಂದೆ ಒಂದೊಂದು ಪ್ಲಾಸ್ಟಿಕ್ ಬಾಟಲಿ ನೀರು. ಸಂಜೆ ಅವನ್ನೆಲ್ಲ ಛತ್ರದ ಹಿಂದೆ ರಾಶಿ ಹಾಕಿ ಸುಟ್ಟರು. ನಾನು ಕಿಟಕಿಯಿಂದ ನೋಡಿದೆ.

ಪರೀಕ್ಷಾಲಯದ ಜಾಗಕ್ಕೆ ಬೇರೊಬ್ಬರು ಸೇರಿದರಂತೆ.

ಏಪ್ರಿಲ್ ಒಂಬತ್ತರ ನಂತರ ನಿಮ್ಮಿಂದ ಪತ್ರ ಬರಲಿಲ್ಲ. ದಿನವೂ ಅಂಚೆಯವನನ್ನು ಕೇಳುತ್ತಿದ್ದೆ. ಕಾಶಿಯಿಂದ ಬಂದ ಅಪ್ಪ, "ಅತ್ಯಾನ ತನ್ನ ಕೈಯಾರೆ ಅರಿಶಿಣ ಹಚ್ಚಿ ಸೀರಿ ಕೊಟ್ಟಾಳ. ಅಲ್ಲಿ ಒಬ್ಬರೂ ಒಂದು ಮಾತು ಅಡ್ಡ ಆಡಲಿಲ್ಲ" ಎಂದರು. ಎಲ್ಲವನ್ನೂ ಓದಬಲ್ಲವರು ನೀವು. ನೀವೇ ತಿಳಿದು ಕೊಟ್ಟ ಮೇಲೆ ಇನ್ನು ಯಾರಿಗೆ ಹೇಳುವುದು ಅಂದುಕೊಂಡು ಉಟ್ಟುಕೊಂಡೆ.

ಅಪ್ಪ ಹೇಳಿದ್ದು ನಿಜವೇ? ಅಂದು ಅಲ್ಲಿ ಯಾರು ಯಾರಿದ್ದರು? ತಿಳಿದು ಈಗ ಆಗಬೇಕಾದದ್ದು ಏನೂ ಇಲ್ಲ. ಕೇಳಬೇಕೆನಿಸಿತು.

ಮಾಧವಿ

*

ಬಂಗಾಲಿ ಟೋಲಾ, ಕಾಶಿ
೧೯ ಜೂನ್ ೨೦೨೫

ಚಿ. ಸೌ. ಮಾಧವಿಗೆ,

ಈ ಪತ್ರವನ್ನು ಆ ಮನೆಯಲ್ಲಿ ಯಾರು ಮೊದಲು ಓದುತ್ತಾರೋ ನನಗೆ ತಿಳಿಯದು. ಅವರೂ ಓದಲಿ. ಏಪ್ರಿಲ್ ಇಪ್ಪತ್ತಮೂರರಂದು ನಾನು ನಿನಗೆ ಒಂದು ಪತ್ರ ಬರೆದಿದ್ದೆ. ಅದು ನಿನಗೆ ತಲುಪಿಲ್ಲವೆಂಬುದು ಈಗ ಸ್ಪಷ್ಟವಾಯಿತು. ನಾನು ಅಂದಿನಿಂದ ಇಂದಿನವರೆಗೂ ಆರೋಗ್ಯವಾಗಿದ್ದೇನೆ.

ಅಕ್ಷಯ ತೃತೀಯೆಯ ಬೆಳಿಗ್ಗೆ ಕೇದಾರ ಘಾಟಿಗೆ ಮುಖ ಮಾಡಿದ ನಮ್ಮ ಲಾಡ್ಜಿನ ಪಡಸಾಲೆಯಲ್ಲಿ ಎಲ್ಲರೂ ಕುಳಿತರು. ಸೀರೆ ನನ್ನ ತೊಡೆಯ ಮೇಲಿತ್ತು. ವಿಶ್ವನಾಥ ಭಟ್ಟರು ತಟ್ಟೆ ಮುಂದಿಟ್ಟು, "ಇದ್ರಲ್ಲಿ ಇಡಿ ಅಮ್ಮ, ಟೈಮ್ ಹೋ ಗಯಾ" ಎಂದರು. ನಾನು ಇಡಲಿಲ್ಲ. ಈ ಸೀರೆಯ ಹಾಸು ಕುದಿಸಿದ ರೇಷ್ಮೆಯದು, ಇದು ಮಾತು ಕೊಟ್ಟ ಸೀರೆಯಲ್ಲ, ಆದ್ದರಿಂದ ಈ ವೈಶಾಖದಲ್ಲಿ ಲಗ್ನ ಕೂಡದು ಎಂದೆ.

ಚಂದ್ರಮೌಳೇಶ್ವರರಾಯರು ನಕ್ಕು, "ಅರ್ಧಾ ಹುಳ ಉಳದಾವಲ್ಲ ಬಾಯಾರ, ಅರ್ಧಾ ಪುಣ್ಯ ಬಂತು ತಗೋರಿ" ಎಂದರು. ಅನಂತನೂ ನಕ್ಕ. "ಅಕ್ಕಾ, ಹಾಸು ಯಾರಿಗೆ ಕಾಣ್ತದ? ಉಟ್ಟಾಕಿಗೂ ಕಾಣೂದಿಲ್ಲ."

ಗಂಗೆಯ ನೀರು ಹಿಡಿದು ಆಡಿದ ಮಾತನ್ನು ನೆನಪಿಸಿದೆ. ಅನಂತ ಭಟ್ಟರ ಮುಖ ನೋಡಿದ. ಭಟ್ಟರು ತಮ್ಮ ಪಂಚೆಯ ಅಂಚನ್ನು ನೋಡುತ್ತ, "ಮಂತ್ರ ಹೇಳಿ ಮಾಡಿದ್ರೆ ಸಂಕಲ್ಪ ಅಮ್ಮ. ಬರೀ ನೀರು ತಗೊಂಡು ಹೇಳಿದ್ದು ಬಾತ್‌ಚೀತ್ ಅಷ್ಟೆ. ದೋಷ ಇಲ್ಲ" ಎಂದರು.

ಆಗ ನಾನು, "ಹುಡುಗಿಗೆ ಈ ಮದುವೆ ಬೇಡ" ಎಂದೆ. ಇದಕ್ಕಿಂತ ಸರಳವಾದ ವಾಕ್ಯವನ್ನು ನಾನು ಬದುಕಿನಲ್ಲಿ ರಚಿಸಿಲ್ಲ. ಯಾರೂ ತಪ್ಪಾಗಿ ಕೇಳಿಸಿಕೊಳ್ಳುವಂತಿರಲಿಲ್ಲ. ನಿನ್ನ ಪತ್ರದ ಆ ಸಾಲುಗಳನ್ನು ಓದಿ ಹೇಳಿದೆ. ಸಮೀರ ಮೊಬೈಲ್ ನೋಡುತ್ತಿದ್ದವನು ತಲೆಯೆತ್ತಿದ, ನನ್ನನ್ನು ನೋಡಿದ, ಮತ್ತೆ ತಗ್ಗಿಸಿದ.

ಅನಂತ ನಿನ್ನ ತಾಯಿಗೆ, "ನಿನ್ನ ಮಗಳು ನಿನಗೇನರ ಹೇಳ್ಯಾಳೇನು?" ಎಂದ. ಕಾತ್ಯಾಯನಿ ತಟ್ಟೆಯಲ್ಲಿದ್ದ ಅರಿಶಿಣವನ್ನು ಸರಿಮಾಡುತ್ತ, "ನನಗೇನೂ ಹೇಳಿಲ್ಲ" ಎಂದಳು. ಅವನು ಬೀಗರ ಕಡೆ ತಿರುಗಿ, "ನಮ್ಮಕ್ಕ ಮದುವಿ ಆಗಲಿಲ್ಲ ನೋಡ್ರಿ. ಮದುವಿ ಅಂದ್ರ ಮೊದಲಿಂದಲೂ ಆಕೀಗೆ ಹಿಂಗ. ವಯಸ್ಸಾತು, ಬಿಸಲು ಬ್ಯಾರೆ" ಎಂದ. ಕೃಷ್ಣಮ್ಮ, "ಅಯ್ಯೋ ನಿಮ್ ಬಾಯ್ಗೆ ಮಣ್ಣಾಕ, ಆಯಮ್ಮ ಸರ್ಯಾಗೇ ಹೇಳ್ತಾ ಅವ್ರೆ, ಕೇಳ್ರಪ್ಪ" ಎಂದು ಕೂಗಿದರು. "ಇವರ್ಯಾರು? ನಮ್ಮ ಪೈಕಿಯವರೇನು?" ಎಂದು ರಾಯರು ಕೇಳಿದರು. ಅಲ್ಲ ಎಂದ ಅನಂತ. ಕೃಷ್ಣಮ್ಮನ ಮಾತು ಅಲ್ಲಿಗೆ ಮುಗಿಯಿತು.

ನಾನು ಅರಿಶಿಣ ಹಚ್ಚಲಿಲ್ಲ. ಸೀರೆ ಕೊಡಲಿಲ್ಲ. ಕಾತ್ಯಾಯನಿ ಎದ್ದು ಬಂದು, "ಕೊಡ್ರಿ ಅಕ್ಕಾ, ಹೊತ್ತಾತು" ಎಂದು ಅದರ ಒಂದು ತುದಿ ಹಿಡಿದಳು. ಹಿಡಿದದ್ದನ್ನು ಅವಳು ಬಿಡಲಿಲ್ಲ. ಎಳೆದಾಡಿದರೆ ಹರಿದೀತೆಂದು ನಾನು ಬಿಟ್ಟೆ. ಹರಿಯುತ್ತಿರಲಿಲ್ಲ, ಹಾಸು ಗಟ್ಟಿಯಾದದ್ದು. ಆದರೂ ಬಿಟ್ಟೆ.

ಅವರು ಹೊರಟ ಮೇಲೆ ಭಟ್ಟರ ಫೋನಿನಿಂದ ನಿಮ್ಮ ಮನೆಗೆ ಹಲವು ಸಲ ಕರೆ ಮಾಡಿಸಿದೆ. ಅನಂತ ಎತ್ತಲಿಲ್ಲ. ನಿನಗೆ ತಲುಪುವ ಬೇರೆ ದಾರಿ ನನಗೆ ತಿಳಿದಿರಲಿಲ್ಲ. ಪತ್ರ ತಲುಪಿದೆ, ನೀನು ಅಲ್ಲಿಂದ ನಿರಾಕರಿಸುವೆ ಎಂದು ನಂಬಿ ಕುಳಿತಿದ್ದೆ.

ಯಾರು ಯಾರಿದ್ದರೆಂದು ಕೇಳಿರುವೆ. "ಹುಡುಗಿಗೆ ಈ ಮದುವೆ ಬೇಡ" ಎಂಬ ಮಾತು ಕಿವಿಗೆ ಬಿದ್ದಾಗ ಆ ಪಡಸಾಲೆಯಲ್ಲಿ ಹಾಜರಿದ್ದವರು ಇವರು. ನಿನ್ನ ತಂದೆ ಅನಂತ. ನಿನ್ನ ತಾಯಿ ಕಾತ್ಯಾಯನಿ. ನಿನ್ನ ಮಾವ ಚಂದ್ರಮೌಳೇಶ್ವರರಾಯರು. ನಿನ್ನ ಗಂಡ ಸಮೀರ. ವಿಶ್ವನಾಥ ಭಟ್ಟರು. ಕೃಷ್ಣಮ್ಮ. ಪದ್ಮಾಬಾಯಿ.